ಆಪರೇಟರ್ ಗಿರಿಜಮ್ಮನ ಲೈನು

ಮಾರ್ಚ್ ಎರಡು, ಭಾನುವಾರ. ಬೆಳಿಗ್ಗೆ ಏಳೂ ಹತ್ತಕ್ಕೆ ಬರೆಯಲು ಕೂತಿದ್ದೇನೆ.

ಗಿರಿಜಮ್ಮ ಫೋನಿನಲ್ಲಿ ಎಂದೂ ‘ಹಲೋ’ ಎಂದವರಲ್ಲ. “ಭದ್ರಾವತಿ ಮಾತಾಡ್ತಿದೆ” ಎನ್ನುತ್ತಿದ್ದರು. ಊರಿಗೆ ಊರೇ ಗಂಟಲು ಸರಿಮಾಡಿಕೊಂಡು ರಿಸೀವರ್ ಎತ್ತಿದ ಹಾಗಿರುತ್ತಿತ್ತು. ಮೊದಲ ಸಲ ಅದನ್ನು ಕೇಳಿದಾಗ ಏನು ಉತ್ತರ ಕೊಡಬೇಕೆಂದು ತೋಚದೆ ಪೆನ್ನು ಹಿಡಿದು ಸುಮ್ಮನೆ ಕೂತೆ.

“ಶಿವಮೊಗ್ಗ, ಕೇಳಿಸ್ತಿದೆಯಾ? ಕೇಳಿಸ್ತಿದ್ರೆ ಹೂಂ ಅನ್ನಬೇಕು. ಲೈನ್ ಸತ್ತಿದೆಯೋ ನೀನು ನಿದ್ದೆ ಹೊಡೀತಿದೀಯೋ ನಂಗೆ ಹ್ಯಾಗೆ ಗೊತ್ತಾಗ್ಬೇಕು?”

“ಹೂಂ,” ಎಂದೆ.

“ಹಾಂ. ಈಗ ಬರ್ಕೋ.”

ಶಿವಮೊಗ್ಗದಲ್ಲಿ ಒಂದು ಮೆಡಿಕಲ್ ಶಾಪಿನ ಮಹಡಿಯ ಮೇಲೆ ನಮ್ಮ ಸಹಾಯವಾಣಿಯ ಕೋಣೆ. ವಯಸ್ಸಾದವರಿಗೆ ಏನಾದರೂ ಆದರೆ ಅವರೋ, ಮನೆಯವರೋ, ಪಕ್ಕದ ಮನೆಯವರೋ ಫೋನ್ ಮಾಡುತ್ತಾರೆ. ನನ್ನ ಮುಂದೆ ಪ್ರಶ್ನೆಗಳ ಒಂದು ಕಾರ್ಡ್ ಇರುತ್ತದೆ. ಎದೆನೋವು ಇದೆಯೇ, ಉಸಿರು ಸರಾಗವಾಗಿದೆಯೇ, ಮಾತು ತೊದಲುತ್ತಿದೆಯೇ, ಎರಡೂ ಕೈ ಎತ್ತಲು ಆಗುತ್ತದೆಯೇ. ಉತ್ತರ ಕೇಳಿಕೊಂಡು ದಾರಿ ತೋರಿಸಬೇಕು. ಕೆಲವರಿಗೆ ಆ ಕ್ಷಣವೇ ಆಂಬುಲೆನ್ಸ್, ಕೆಲವರಿಗೆ ಸಂಜೆಯೊಳಗೆ ಡಾಕ್ಟರು, ಕೆಲವರಿಗೆ ನಾಳೆಯಾದರೂ ನಡೆದೀತು. ಇನ್ನು ಕೆಲವರಿಗೆ ಯಾರಾದರೂ ಎರಡು ಮಾತು ಆಡಿದರೆ ಸಾಕು. ಆಂಬುಲೆನ್ಸ್ ಬೇಕಾದರೆ ನಾವೇ ತಿಳಿಸಿ, ಆ ಹೊತ್ತಿಗೆ ಆ ಕಾಯಿಲೆಯ ಡಾಕ್ಟರು ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದು ವಿಚಾರಿಸಿ, ಗಾಡಿಯನ್ನು ನೇರ ಅಲ್ಲಿಗೇ ಕಳಿಸುತ್ತೇವೆ. ತೀರ್ಮಾನ ನನ್ನೊಬ್ಬಳದಲ್ಲ. ಪಕ್ಕದ ಮೇಜಿನಲ್ಲಿ ಫಿಲೋಮಿನಾ ಸಿಸ್ಟರ್ ಹೆಡ್‌ಫೋನ್ ಹಾಕಿಕೊಂಡು ಎಲ್ಲ ಕರೆಗಳನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ. ಮೂವತ್ತು ವರ್ಷ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು.

ಗೋಪಾಳದ ನಮ್ಮ ಮನೆಗೆ ಮರಳಿದ ಮೇಲೆ ಆ ದಿನದ ಕರೆಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುವುದು ನನ್ನ ಸ್ವಂತ ಅಭ್ಯಾಸ. ಯಾವ ಊರು, ಎಲ್ಲಿಗೆ ಕಳಿಸಿದೆವು, ಮನೆಗೆ ಮರಳಿದರೇ ಇಲ್ಲವೇ. ಗಿರಿಜಮ್ಮನಿಗೆ ಬೇರೆಯೇ ಒಂದು ಪುಟ ಬೇಕಾಯಿತು. ಹೋದ ಡಿಸೆಂಬರಿನವರೆಗಿನ ಒಂದೂವರೆ ವರ್ಷದಲ್ಲಿ ಅವರಿಂದ ಬಂದ ತುರ್ತು ಕರೆಗಳು ಮೂವತ್ತೊಂದು. ಎಲ್ಲವೂ ಅವರ ಬೀದಿಯ ಬೇರೆ ಯಾರಿಗೋ ಹುಷಾರಿಲ್ಲವೆಂದು ಮಾಡಿದವು. ತಮಗೆಂದು ಒಂದೂ ಇಲ್ಲ. ಅವರ ಕಾಲು ಊದುತ್ತಿತ್ತು, ಮಾತಿನ ನಡುವೆ ಉಸಿರು ಕಟ್ಟುತ್ತಿತ್ತು. ಸಿಸ್ಟರ್ ಅದನ್ನು ಫೋನಿನಲ್ಲೇ ಗುರುತಿಸಿ, ಶಿವಮೊಗ್ಗಕ್ಕೆ ಬಂದು ಎರಡು ದಿನ ದಾಖಲಾಗಿ ಹೃದಯ ತೋರಿಸಿಕೊಳ್ಳಿ ಎಂದು ಎಷ್ಟು ಸಲ ಹೇಳಿದರೋ. ಇಡೀ ಬೀದಿಯನ್ನು ಆಂಬುಲೆನ್ಸ್ ಹತ್ತಿಸಿದವರು ತಾವು ಮಾತ್ರ ಹತ್ತಲು ಒಪ್ಪುತ್ತಿರಲಿಲ್ಲ.

ಅವರು ಭದ್ರಾವತಿಯ ಕಾರ್ಖಾನೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಒಂದು ಬೋರ್ಡು, ನೂರಾರು ತೂತು, ಕೈಯಲ್ಲಿ ವೈರು. ಯಾರಿಗೆ ಯಾರು ಬೇಕೋ ಅವರಿಬ್ಬರನ್ನು ಜೋಡಿಸಿ ಪಕ್ಕಕ್ಕೆ ಸರಿಯುವ ಕೆಲಸ. ಆ ಕೆಲಸದ ಎರಡು ನಿಯಮಗಳನ್ನು ಅವರು ನನಗೆ ಬೇಡವೆಂದರೂ ಕಲಿಸಿದರು. ಮೊದಲನೆಯದು, ಲೈನು ಬಿಡುವಾಗ ಹೇಳಿ ಬಿಡಬೇಕು. “ಏನೂ ಹೇಳ್ದೆ ಕುಕ್ಕಿದ್ರೆ ಆಚೆಯವ್ರು ಹಲೋ ಹಲೋ ಅಂತ ಕೂತಿರ್ತಾರೆ ಮಗಾ. ಅದೂ ಹೆದರಿರೋ ಮುದುಕ್ರು.” ಪ್ರತಿ ಕರೆಯ ಕೊನೆಗೂ ಅವರು “ಲೈನ್ ಬಿಡ್ತೀನಿ” ಎಂದು ಹೇಳಿ, ನಾನು ಹೂಂ ಎನ್ನುವವರೆಗೆ ಕಾದು, ಆಮೇಲೆ ಇಡುತ್ತಿದ್ದರು. ಎರಡನೆಯದು, ಯಾರು ಯಾರಿಗೆ ಮಾತಾಡಿದರು ಎಂಬುದು ಆಪರೇಟರಿನ ಹೊಟ್ಟೆಯಿಂದ ಆಚೆ ಬರಬಾರದು. ದೊಡ್ಡ ಸಾಹೇಬರ ಮನೆಯ ಜಗಳವೊಂದು ಅವರಿಗೆ ಪೂರ್ತಿ ಗೊತ್ತಿತ್ತೆಂದು ಬೀದಿಯವರೆಲ್ಲ ಹೇಳುತ್ತಾರೆ. ಸಾಹೇಬರು ತೀರಿಕೊಂಡು ಎಷ್ಟೋ ವರ್ಷವಾದರೂ ಗಿರಿಜಮ್ಮ ಒಂದಕ್ಷರ ಹೇಳಲಿಲ್ಲ.

ಕೆಲಸ ಕಲಿತದ್ದು ಕಾರ್ಡಿನಿಂದಲೇ ಆದರೂ, ಕಾರ್ಡಿನ ಆಚೆ ಏನಿರುತ್ತದೆ ಎಂದು ನನಗೆ ಕಾಣಿಸಿದ್ದು ಶಂಕರಪ್ಪನವರ ದಿನ. ಅವರು ಗಿರಿಜಮ್ಮನ ಎದುರು ಮನೆಯವರು, ಕಾರ್ಖಾನೆಯಿಂದ ನಿವೃತ್ತರಾದವರು.

“ಭದ್ರಾವತಿ ಮಾತಾಡ್ತಿದೆ. ಬರ್ಕೋ. ಶಂಕರಪ್ಪ, ಎಪ್ಪತ್ತೆಂಟು. ಎದೆ ಹಿಂಡ್ತಿದೆ ಅಂತಾರೆ, ಬೆವರು ಕಿತ್ಕೊಂಡು ಬಂದಿದೆ. ಸೊಸೆ ವೀಣಾ ಡ್ಯೂಟಿಗೆ ಹೋಗಿದಾಳೆ. ನಾನು ಅವ್ರ ಮನೆ ಫೋನಿಂದ್ಲೇ ಮಾಡ್ತಿದೀನಿ.”

ಸಿಸ್ಟರ್ ಆಗಲೇ ಆಂಬುಲೆನ್ಸಿಗೆ ತಿಳಿಸುತ್ತಿದ್ದರು. ಅವರನ್ನು ಕೂರಿಸಿ, ಓಡಾಡಲು ಬಿಡಬೇಡಿ ಎಂದು ನಾನು ಹೇಳುವಷ್ಟರಲ್ಲಿ ಹಿಂದಿನಿಂದ ಗಂಡಸಿನ ದನಿ ಕೇಳಿಸಿತು.

“ಗಾಡಿ ಬರೋದ್ರೊಳಗೆ ಎರಡು ಚೆಂಬು ನೀರು ಹುಯ್ಕೊಂಡು ಪೂಜೆ ಮುಗಿಸಿಬಿಡ್ತೀನಿ.”

“ಬೇಡ ಅನ್ನಿ,” ಎಂದೆ.

“ಬೇಡ ಅಂತಿದಾಳೆ ಶಿವಮೊಗ್ಗದೋಳು.”

“ಅವ್ಳಿಗೇನ್ ಗೊತ್ತು? ಐವತ್ತು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ಫಸ್ಟ್ ಶಿಫ್ಟ್ ಇದ್ದಾಗ್ಲೂ ನಾಲ್ಕಕ್ಕೆ ಎದ್ದು ಲಿಂಗಪೂಜೆ ಮಾಡ್ಕೊಂಡೇ ಹೋಗಿರೋದು. ಮೈಲಿಗೇಲಿ ಆಸ್ಪತ್ರೆಗೆ ಹೋಗೋನಲ್ಲ ನಾನು.”

ಎದೆನೋವಿನವರು ತಣ್ಣೀರಿನ ಸ್ನಾನಕ್ಕೆ ಹೊರಟರೆ ಏನು ಹೇಳಬೇಕೆಂದು ಕಾರ್ಡಿನಲ್ಲಿ ಇರಲಿಲ್ಲ. ನಾನು ಸಿಸ್ಟರ್ ಮುಖ ನೋಡಿದೆ. ಅಷ್ಟರಲ್ಲಿ ಗಿರಿಜಮ್ಮ ರಿಸೀವರನ್ನು ಕಿವಿಯಿಂದ ದೂರ ಹಿಡಿದು ಅವರ ಜೊತೆ ಮಾತಿಗೆ ಇಳಿದಿದ್ದರು.

“ಶಂಕರಪ್ಪನೋರೇ, ಲಿಂಗ ಎಲ್ಲಿದೆ?”

“ಎಲ್ಲಿರುತ್ತೆ? ಕೊರಳಲ್ಲಿ.”

“ಹಂಗಾದ್ರೆ ದೇವ್ರು ರೆಡಿಯಾಗಿ ಕೂತಾಗಿದೆ. ಲೇಟ್ ಮಾಡ್ತಿರೋದು ನೀವು. ವಿಭೂತಿ ತಂದ್ಕೊಡ್ತೀನಿ, ಕೂತಲ್ಲೇ ಹಚ್ಕೊಳ್ಳಿ. ಬಚ್ಚಲಿಗೆ ಹೋದ್ರೆ ಬಾಗಿಲು ಒಡೆಯೋ ಶಕ್ತಿ ನಂಗಿಲ್ಲ, ಮೊದ್ಲೇ ಹೇಳಿದೀನಿ.”

ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿಸಿತು. ಶಂಕರಪ್ಪ ಕೂತರು. ಹತ್ತು ದಿನದ ಮೇಲೆ ಮನೆಗೆ ಮರಳಿದರು. ಆಸ್ಪತ್ರೆಯಲ್ಲಿ ಸ್ನಾನವಿಲ್ಲದೆ ಕಳೆದ ದಿನಗಳ ಪಾಪವೆಲ್ಲ ಗಿರಿಜಮ್ಮನಿಗೇ ಹೋಗಲಿ ಎಂದು ಬೀದಿಯಲ್ಲಿ ನಿಂತು ಹೇಳಿದರಂತೆ. “ಹಾಕ್ಲಿ ಬಿಡು, ನನ್ನ ಲೆಕ್ಕದಲ್ಲಿ ಇನ್ನೂ ಜಾಗ ಇದೆ,” ಎಂದು ಗಿರಿಜಮ್ಮ ನನಗೆ ವರದಿ ಒಪ್ಪಿಸಿದರು. ಅಂದಿನಿಂದ ನಾನು ಎದೆನೋವಿನ ಪ್ರತಿ ಕರೆಗೂ ಸ್ನಾನಕ್ಕೆ ಹೊರಟಿದ್ದಾರೆಯೇ ಎಂದು ಕೇಳುತ್ತೇನೆ. ಹೊರಟಿರುವವರು ಎಷ್ಟು ಜನ ಎಂದು ತಿಳಿದರೆ ನೀವು ನಂಬಲಾರಿರಿ.

ಆ ಬೀದಿಗೆ ಆಂಬುಲೆನ್ಸ್ ಕಳಿಸುವಾಗ ಡ್ರೈವರಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು. ಹಳೆಯ ಸೈಕಲ್ ಸ್ಟ್ಯಾಂಡಿನ ತಿರುವಿನಲ್ಲೇ ಸೈರನ್ ನಿಲ್ಲಿಸಬೇಕು ಎಂಬುದು ಗಿರಿಜಮ್ಮನ ಅಪ್ಪಣೆ. “ಇಲ್ಲಿ ಸೈರನ್ ಅಂದ್ರೆ ಒಂದೋ ಶಿಫ್ಟು, ಇಲ್ಲಾ ಕಾರ್ಖಾನೆ ಒಳಗೆ ಯಾರಿಗೋ ಏನೋ ಆಗಿದೆ ಅಂತ ಅರ್ಥ. ನಮ್ಮ ಹೆಂಗಸ್ರು ಇವತ್ತಿಗೂ ಸೈರನ್ ಕೇಳಿದ್ರೆ ಕೈಲಿದ್ದುದನ್ನ ಬಿಟ್ಟು ಬಾಗಿಲಿಗೆ ಬರ್ತಾರೆ. ಗಂಡಂದಿರು ರಿಟೈರಾಗಿ ಒಳಗೇ ಗೊರಕೆ ಹೊಡೀತಿದ್ರೂ ಬರ್ತಾರೆ. ಒಬ್ರನ್ನ ಉಳಿಸೋಕೆ ಹೋಗಿ ನಾಲ್ಕು ಜನಕ್ಕೆ ಬೀಪಿ ಏರಿಸ್ಬೇಡಿ.”

ಗಿರಿಜಮ್ಮ ಹೇಳಿದ್ದೆಲ್ಲ ಸರಿಯಿರುತ್ತಿತ್ತು ಎಂದು ತಿಳಿಯಬೇಡಿ. ಪಕ್ಕದ ಮನೆಯ ಮುರುಗೇಶಣ್ಣ ಮದುವೆ ಊಟ ಮುಗಿಸಿ ಬಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತ ದಿನ, ಅವರೇ ತೀರ್ಪು ಕೊಟ್ಟು ಫೋನ್ ಮಾಡಿದ್ದರು. “ಬರೀ ಗ್ಯಾಸು. ಜೀರಿಗೆ ಕಷಾಯ ಕೊಟ್ಟಿದೀನಿ. ನಾಳೆ ತೋರಿಸ್ತೀನಿ. ನಿಮ್ಮ ಕಿವಿಗೆ ಹಾಕಿಟ್ಟಿರ್ತೀನಿ, ಅಷ್ಟೇ.” ಸಿಸ್ಟರ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

“ಅವ್ರಿಗೆ ಕೊಡಿ ಫೋನು.”

ಮುರುಗೇಶಣ್ಣ ತಮಿಳು ಬೆರೆಸಿ “ಒಣ್ಣುಮಿಲ್ಲೆ, ಏನಿಲ್ಲ ಮೇಡಂ, ಸ್ವಲ್ಪ...” ಎಂದು ನಿಲ್ಲಿಸಿ, ಉಸಿರು ತೆಗೆದುಕೊಂಡು, “ಉರಿ” ಎಂದರು. ಅಷ್ಟು ಸಾಕಾಯಿತು ಸಿಸ್ಟರಿಗೆ.

“ಗಿರಿಜಮ್ಮ, ಒಂದು ವಾಕ್ಯ ಮುಗಿಸೋಕೆ ಆಗ್ತಿಲ್ಲ ಅವ್ರಿಗೆ. ಇದು ಗ್ಯಾಸಲ್ಲ. ಗಾಡಿ ಕಳಿಸ್ತಿದೀನಿ.”

“ಆ ಮನುಷ್ಯ ಯಾವತ್ತು ವಾಕ್ಯ ಮುಗಿಸಿದಾನೆ?”

“ಮೂವತ್ತು ವರ್ಷ ಆಸ್ಪತ್ರೇಲಿದ್ದೋಳು ನಾನಾ, ನೀವಾ?”

“ಮೂವತ್ತು ವರ್ಷ ಗೋಡೆ ಆಚೆಯಿಂದ ಆತನ ತೇಗು ಕೇಳಿರೋಳು ನಾನು!”

ಗಾಡಿ ಹೋಯಿತು. ಗ್ಯಾಸ್ ಆಗಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮೊದಲ ಕರೆ ಅವರದೇ. “ಭದ್ರಾವತಿ ಮಾತಾಡ್ತಿದೆ. ಸಿಸ್ಟರಿಗೆ ಹೇಳು, ಭದ್ರಾವತಿ ಒಪ್ಕೊಂಡಿದೆ. ಲೈನ್ ಬಿಡ್ತೀನಿ.” ಸಿಸ್ಟರ್ ಆ ಇಡೀ ದಿನ ನಗುತ್ತಿದ್ದರು. ಶಂಕರಪ್ಪ, ಮುರುಗೇಶಣ್ಣ ಇಬ್ಬರೂ ಪತ್ರಿಕೆಯಲ್ಲಿ ತಮ್ಮ ಹೆಸರು ಹಾಕಲು ಒಪ್ಪಿದ್ದಾರೆ. ತೇಗಿನ ವಿಷಯ ಬಿಡಬೇಕೆಂದು ಮುರುಗೇಶಣ್ಣ ಕೇಳಿಕೊಂಡಿದ್ದರು. ಗಿರಿಜಮ್ಮನ ಮಾತು ಕತ್ತರಿಸಲು ಮನಸ್ಸಾಗಲಿಲ್ಲ.

ದನಿಯಿಂದ ನಾನು ಅವರನ್ನು ಎತ್ತರದ, ದಪ್ಪ ಹೆಂಗಸೆಂದು ಕಲ್ಪಿಸಿಕೊಂಡಿದ್ದೆ. ರಜೆಯ ಒಂದು ಭಾನುವಾರ ಬಸ್ಸು ಹತ್ತಿ, ಮಲವಗೊಪ್ಪ ದಾಟಿ, ಅವರ ಮನೆ ಹುಡುಕಿಕೊಂಡು ಹೋದಾಗ ಬಾಗಿಲು ತೆರೆದವರು ನನ್ನ ಭುಜಕ್ಕೆ ಬರುತ್ತಿದ್ದರು. ಸಣ್ಣ ಮುಖ, ದೊಡ್ಡ ಕನ್ನಡಕ, ಸೆರಗಿಗೆ ಸಿಕ್ಕಿಸಿದ ಎರಡು ಪಿನ್ನು.

“ಶಿವಮೊಗ್ಗ ಅಲ್ವಾ ನೀನು? ಇಷ್ಟು ಉದ್ದ ಇದೀಯಾ? ದನಿ ಕೇಳಿದ್ರೆ ಹೈಸ್ಕೂಲ್ ಹುಡುಗಿ ಅನ್ಸುತ್ತೆ. ಬಾ ಮಾರಾಯ್ತಿ, ಚಪ್ಪಲಿ ಒಳಗೇ ಬಿಡು, ನಾಯಿ ಎತ್ಕೊಂಡು ಹೋಗುತ್ತೆ.”

ನಡುಮನೆಯ ಮಧ್ಯೆ ಒಂದು ಸ್ಟೂಲು, ಅದರ ಮೇಲೆ ಹಳೆಯ ಲ್ಯಾಂಡ್‌ಲೈನ್ ಫೋನು. ಅದರ ವೈರನ್ನು ಅಡುಗೆಮನೆಗೂ ಒಳಕೋಣೆಗೂ ಎಳೆದೊಯ್ಯುವಷ್ಟು ಉದ್ದ ಮಾಡಿಸಿದ್ದರು. ಒಳಕೋಣೆಯ ಮಂಚದ ಮೇಲೆ ಅವರ ಅತ್ತಿಗೆ ಮಲಗಿದ್ದರು. ಅಣ್ಣ ತೀರಿಕೊಂಡ ಮೇಲೆ ಇಬ್ಬರೇ ಆ ಮನೆಯಲ್ಲಿ. ಗಿರಿಜಮ್ಮ ಮದುವೆಯಾದವರಲ್ಲ. ಅತ್ತಿಗೆಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಕಣ್ಣು ಮಾತ್ರ ಬಾಗಿಲಿಗೆ ಬಂದವರನ್ನೆಲ್ಲ ನೋಡುತ್ತಿತ್ತು.

ಊಟದ ಹೊತ್ತಾಯಿತು. ಗಿರಿಜಮ್ಮ ಬಟ್ಟಲಿನಲ್ಲಿ ಮೆತ್ತಗೆ ಕಲಸಿದ ಸಾರನ್ನ ತಂದು, ಮಂಚದ ತಲೆಕಡೆ ಕೂತು, ಅತ್ತಿಗೆಯ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡರು. ತುತ್ತು ಹತ್ತಿರ ತಂದರೂ ಅವರು ಬಾಯಿ ಬಿಗಿದುಕೊಂಡಿದ್ದರು. ಗಿರಿಜಮ್ಮ ಬಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಬಾಯಿ ತೆರೆಯಿತು. ಪ್ರತಿ ತುತ್ತಿಗೂ ಹಾಗೆಯೇ. ಬಟ್ಟಲು ಖಾಲಿಯಾಯಿತು.

“ಏನಮ್ಮ ಹೇಳೋದು ಕಿವೀಲಿ?” ಎಂದು ಕೇಳಿದೆ.

“ಟ್ರಂಕ್ ಕಾಲ್. ನಿಂಗ್ಯಾಕೆ?”

ಕಾಫಿ ಕುಡಿಯುವಾಗ, ನಾನು ಕೇಳದೆಯೇ, ಅತ್ತಿಗೆಗೆ ಲಕ್ವ ಹೊಡೆದ ದಿನದ ವಿಷಯ ಹೇಳಿದರು. ಬಾಯಿ ಸೊಟ್ಟಗಾದದ್ದನ್ನು ನೋಡಿ ಆಟೋ ಕರೆಸಿ, ಮೊದಲು ಆ ಬೀದಿಯವರೆಲ್ಲ ಜ್ವರಕ್ಕೂ ಹೆರಿಗೆಗೂ ಹೋಗಿ ರೂಢಿಯಾದ ಹತ್ತಿರದ ಹಳೆಯ ಆಸ್ಪತ್ರೆಗೆ ಹೋದರು. ಅಲ್ಲಿ ಈ ಕಾಯಿಲೆಯ ಡಾಕ್ಟರು ಇರಲಿಲ್ಲ. ಇನ್ನೊಂದು ಕಡೆ ಹೋದರು. ಅಲ್ಲಿ ಸ್ಕ್ಯಾನ್ ಮಾಡುವ ಯಂತ್ರವಿರಲಿಲ್ಲ. ಶಿವಮೊಗ್ಗ ಸೇರಿದಾಗ ಸಂಜೆ. ಔಷಧ ಕೊಡಬಹುದಾಗಿದ್ದ ಹೊತ್ತು ಮೀರಿತ್ತು.

“ಫೋನು ಪಕ್ಕದಲ್ಲೇ ಇತ್ತು ಮಗಾ. ಊರಿಗೆಲ್ಲ ಕನೆಕ್ಷನ್ ಕೊಟ್ಟ ಕೈ ಇದು. ಅವತ್ತು ಯಾರಿಗೆ ಮಾಡ್ಬೇಕು ಅಂತ ಹೊಳೀಲಿಲ್ಲ. ಎಲ್ಲಿಗೆ ಹೋಗ್ಬಾರ್ದು ಅಂತ ಒಬ್ರು ಹೇಳಿದ್ರೆ ಸಾಕಿತ್ತು.”

ಲೋಟ ಕೆಳಗಿಟ್ಟು ನಾನು ಸಿಸ್ಟರ್ ಹೇಳಿ ಕಳಿಸಿದ್ದನ್ನು ಹೇಳಿದೆ. ಎರಡೇ ದಿನ. ಒಂದು ಪರೀಕ್ಷೆ. ಗಾಡಿ ನಾವೇ ಕಳಿಸುತ್ತೇವೆ.

“ಎರಡು ದಿನ ಇವ್ರನ್ನ ಯಾರು ನೋಡ್ಕೋತಾರೆ? ವೀಣಾ ಬರ್ತಾಳೆ, ಪಾಪ, ಆದ್ರೆ ಅವ್ಳ ಕೈಲಿ ಇವ್ರು ತಿನ್ನಲ್ಲ. ಯಾರ ಕೈಲೂ ತಿನ್ನಲ್ಲ. ಒಂದ್ಸಲ ಟ್ರೈ ಮಾಡಿ ಆಗಿದೆ. ಎರಡು ದಿನ ಉಪವಾಸ ಕೆಡವಿ ನಾನು ಹೋಗಿ ಮಲಗ್ಲಾ?”

“ನಿಮಗೇ ಏನಾದ್ರೂ ಆದ್ರೆ?”

“ಆಗ ನಿಂಗೇ ಮಾಡ್ತೀನಲ್ಲ, ಇನ್ಯಾರಿಗೆ ಮಾಡ್ಲಿ?” ಎಂದು ನಕ್ಕರು. ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಹೊರಟವರು ಗೇಟಿನಲ್ಲೇ ಕಂಬ ಹಿಡಿದು ನಿಂತರು. ಅಷ್ಟೇ ದೂರಕ್ಕೆ ಉಸಿರು ಸಾಲದಾಗಿತ್ತು.

ಆ ಕರೆ ಬಂದದ್ದು ಈ ಜನವರಿಯಲ್ಲಿ, ಒಂದು ಮಂಗಳವಾರ. ಬೆಳಿಗ್ಗೆ ಹತ್ತು ದಾಟಿತ್ತು.

“ಗಿರಿಜಾ ಮಾತಾಡ್ತಿದೀನಿ.”

ದನಿ ಅವರದೇ. ಆದರೂ ಯಾರೆಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ಭದ್ರಾವತಿ ಎನ್ನದೆ ಅವರು ಮಾತು ಶುರುಮಾಡಿದ್ದು ಅದೇ ಮೊದಲು. ಪಕ್ಕದಲ್ಲಿ ಸಿಸ್ಟರ್ ಕೂಡ ತಲೆ ಎತ್ತಿದರು.

“ಬರ್ಕೋ. ಎಪ್ಪತ್ನಾಲ್ಕು ವಯಸ್ಸು. ಆರು ಗಂಟೆಯಿಂದ ದವಡೆ ನೋವು, ಈಗ ಎಡಗೈಗೆ ಇಳ್ದಿದೆ. ಬೆವರಿದೆ. ಉಸಿರು ಅರ್ಧಕ್ಕೇ ನಿಲ್ತಿದೆ.”

“ಆರು ಗಂಟೆಯಿಂದಾನಾ? ಇಷ್ಟೊತ್ತು ಯಾಕಮ್ಮ ಸುಮ್ನಿದ್ರಿ?”

“ಅತ್ತಿಗೆಗೆ ಮೈ ಒರೆಸಿ ತಿಂಡಿ ತಿನ್ನಿಸ್ಬೇಕಿತ್ತು. ಬೈಯೋದಿದ್ರೆ ಆಮೇಲೆ ಬೈಯಿ. ಗಾಡಿ ಹೇಳು.”

ಸಿಸ್ಟರ್ ಇನ್ನೊಂದು ಫೋನಿನಲ್ಲಿ ಆಗಲೇ ಹೇಳುತ್ತಿದ್ದರು. ಬಾಗಿಲ ಚಿಲಕ ತೆಗೆದು ಕೂತುಕೊಳ್ಳಿ, ಓಡಾಡಬೇಡಿ, ಲೈನ್ ಬಿಡಬೇಡಿ ಎಂದೆ. ಅದು ಕಾರ್ಡಿನ ಕೊನೆಯ ನಿಯಮ. ರೋಗಿ ತಾವೇ ಕರೆ ಮಾಡಿದ್ದರೆ, ಜೊತೆಗೆ ಯಾರೂ ಇಲ್ಲದಿದ್ದರೆ, ಗಾಡಿಯವರು ಬಾಗಿಲಿಗೆ ಬರುವವರೆಗೆ ಮಾತಾಡಿಸುತ್ತಲೇ ಇರಬೇಕು. ಮಾತು ನಿಂತರೆ ಅದೇ ಅಪಾಯದ ಸೂಚನೆ.

“ಲೈನ್ ಬಿಡ್ಬೇಕು ಮಗಾ.”

“ಬಿಡೋ ಹಾಗಿಲ್ಲಮ್ಮ. ಒಬ್ರೇ ಇದ್ದೀರಿ ನೀವು.”

“ಒಬ್ಳೆಲ್ಲಿ? ಇಬ್ರಿದೀವಿ, ಅದೇ ತೊಂದ್ರೆ. ಇವ್ರ ಹತ್ರ ಒಬ್ರು ಬಂದು ಕೂರೋವರೆಗೆ ನಾನು ಗಾಡಿ ಹತ್ತಲ್ಲ. ನೀನು ಲೈನ್ ಹಿಡ್ಕೊಂಡು ಕೂತ್ರೆ ನಾನು ಅವ್ರನ್ನ ಹ್ಯಾಗೆ ಕರೀಲಿ?”

“ಯಾರು ಅಂತ ಹೇಳಿ. ನಾನು ಮಾಡ್ತೀನಿ.”

“ನೀನು ಕರೆದ್ರೆ ಬರಲ್ಲ. ನಾನೇ ಕೇಳ್ಬೇಕು ಅವ್ರನ್ನ.” ಒಂದು ಉಸಿರು. “ಕೇಳಿ ಬಹಳ ವರ್ಷ ಆಯ್ತು.”

ನಾನು ಸಿಸ್ಟರ್ ಕಡೆ ತಿರುಗಿದೆ. ನಿಯಮದ ವಿಷಯದಲ್ಲಿ ಅವರಷ್ಟು ಬಿಗಿ ಇನ್ನೊಬ್ಬರಿಲ್ಲ. ಅವರು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ, ಬಿಟ್ಟುಕೊಡು ಎಂದು ಕೈಯಲ್ಲೇ ಸನ್ನೆ ಮಾಡಿದರು.

“ಎರಡು ನಿಮಿಷ ಅಮ್ಮ. ಆಮೇಲೆ ನಾನು ಮಾಡ್ತೀನಿ, ಎತ್ತಬೇಕು.”

“ಎತ್ತದೇ ಎಲ್ಲಿಗೆ ಹೋಗ್ಲಿ ಮಾರಾಯ್ತಿ? ಲೈನ್ ಬಿಡ್ತೀನಿ.”

ನಾನು ಹೂಂ ಎನ್ನುವವರೆಗೆ ಕಾದರು. ಆಮೇಲೆ ಇಟ್ಟರು.

ಎರಡು ನಿಮಿಷಕ್ಕೆ ಮಾಡಿದೆ. ಎಂಗೇಜ್. ಆ ಟೋನು ಕೇಳಿ ಅಷ್ಟು ಸಮಾಧಾನ ನನಗೆ ಎಂದೂ ಆಗಿರಲಿಲ್ಲ. ಅವರು ಮಾತಾಡುತ್ತಿದ್ದಾರೆ, ಅಂದರೆ ಇದ್ದಾರೆ. ಮತ್ತೆ ಮಾಡಿದೆ, ಮತ್ತೆ ಎಂಗೇಜ್. ಈ ನಡುವೆ ಸಿಸ್ಟರ್ ಶಂಕರಪ್ಪನವರ ಸೊಸೆ ವೀಣಾಳಿಗೆ ಫೋನ್ ಮಾಡಿದ್ದರು. ಅವಳು ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಕೆಲಸದಲ್ಲಿದ್ದಳು. ಹೇಳಿ ಹೊರಡುತ್ತೇನೆ, ತಲುಪಲು ಒಂದು ಗಂಟೆಯಾದರೂ ಬೇಕು ಎಂದಳು. ಮೂರನೆಯ ಸಲ ರಿಂಗ್ ಆಯಿತು. ಗಿರಿಜಮ್ಮ ಎತ್ತಿ, “ಬರ್ತಾರೆ,” ಎಂದರು. ರಿಸೀವರನ್ನು ತೊಡೆಯ ಮೇಲೆ ಇಟ್ಟುಕೊಂಡಿರಬೇಕು. ಅವರ ಉಸಿರು ದೂರದಿಂದ ಕೇಳುತ್ತಿತ್ತು. ಆಟೋ ನಿಂತ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಗಾಡಿಯವರ ದನಿ.

ಆಂಬುಲೆನ್ಸಿನ ಹುಡುಗ ದಾರಿಯಿಂದ ಫೋನ್ ಮಾಡಿ ಹೇಳಿದ: “ಅಮ್ಮ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲೇ ಕೂತಿದ್ರು ಮೇಡಂ. ಸೈರನ್ ಎಲ್ಲಿ ಆಫ್ ಮಾಡಿದ್ರಿ ಅಂತ ಫಸ್ಟು ಕೇಳಿದ್ರು. ಸೈಕಲ್ ಸ್ಟ್ಯಾಂಡ್ ಹತ್ರ ಅಂದ್ಮೇಲೆ ಎದ್ರು. ಒಳಗಡೆ ವಯಸ್ಸಾದ ಒಬ್ಬ ಅಮ್ಮ ಇದ್ರು, ಪಕ್ಕದ ಮನೆಯವ್ರು ಇರ್ಬೇಕು.”

ಪಕ್ಕದ ಮನೆಯವರಲ್ಲ. ವೀಣಾ ಮನೆ ಮುಟ್ಟಿದಾಗ ಅತ್ತಿಗೆಯ ತಲೆ ಬಾಚಿ ಜಡೆ ಹಾಕಿತ್ತು. ಬಟ್ಟಲು ಖಾಲಿಯಾಗಿ ತೊಳೆದು ಬೋರಲು ಹಾಕಿತ್ತು. ಮಂಚದ ಪಕ್ಕ ಕೂತಿದ್ದ ಹೆಂಗಸು ಎದ್ದು, “ಊಟ ಆಗಿದೆ. ಮಧ್ಯಾಹ್ನದ ಮೇಲೆ ಎಡಮಗ್ಗುಲಿಗೆ ತಿರುಗಿಸಿ,” ಎಂದು ಹೇಳಿ ಹೊರಟರಂತೆ. ವೀಣಾ ಅವರನ್ನು ಸಂಬಂಧಿಕರು ಎಂದುಕೊಂಡಳು. ಮುರುಗೇಶಣ್ಣ ಸಹಾಯವಾಣಿಯವರು ಎಂದುಕೊಂಡರು. ಎಲ್ಲರೂ ಇನ್ನೊಬ್ಬರ ಕಡೆಯವರೆಂದು ತಿಳಿದು ಯಾರೂ ಹೆಸರು ಕೇಳಲಿಲ್ಲ.

ಸಂಜೆ ನಾನು ಶಿವಮೊಗ್ಗದ ಆ ಆಸ್ಪತ್ರೆಗೆ ಹೋದೆ. ಐದು ನಿಮಿಷ ಬಿಟ್ಟರು. ನಳಿಕೆಗಳ ನಡುವೆ ಗಿರಿಜಮ್ಮ ಇನ್ನೂ ಸಣ್ಣವರಾಗಿ ಕಾಣುತ್ತಿದ್ದರು. ಕನ್ನಡಕ ತೆಗೆದಿಟ್ಟಿದ್ದರು, ದನಿಯಿಂದಲೇ ನನ್ನ ಗುರುತು ಹಿಡಿದರು.

“ಶಿವಮೊಗ್ಗಾನಾ? ಅತ್ತಿಗೆ ಊಟ ಮಾಡಿದ್ರಾ?”

“ಮಾಡಿದ್ರು. ಬಟ್ಟಲು ಖಾಲಿ ಮಾಡಿದ್ರಂತೆ.”

ಕಣ್ಣು ಮುಚ್ಚಿದರು. “ಹಂಗಾದ್ರೆ ಅವ್ಳು ಮರ್ತಿಲ್ಲ.”

“ಯಾರಮ್ಮ ಅವರು?”

“ಎಕ್ಸ್‌ಚೇಂಜಲ್ಲಿ ಕೂತೋರು ಯಾರು ಯಾರ ಹತ್ರ ಮಾತಾಡಿದ್ರು ಅಂತ ಹೇಳಲ್ಲ.” ತುಟಿಯಲ್ಲಿ ನಗು ಇತ್ತು. “ಮನೆಗೆ ಬಂದ್ಮೇಲೆ ಹೇಳ್ತೀನಿ. ಅಷ್ಟು ದೂರದಿಂದ ಬಂದಿದೀಯ, ಕಾಫಿ ಕೊಡೋಕೂ ಆಗ್ಲಿಲ್ಲ.” ನರ್ಸ್ ಬಂದು ಹೊತ್ತಾಯಿತೆಂದರು. ಗೋಪಾಳ ಅಲ್ಲಿಂದ ಅಷ್ಟೇನೂ ದೂರವಿಲ್ಲ ಎಂದು ನಾನು ಹೇಳಲಿಲ್ಲ. ಅವರ ಲೆಕ್ಕದಲ್ಲಿ ನಾನು ಇನ್ನೂ ಭದ್ರಾವತಿಗೆ ಬಂದವಳಾಗಿದ್ದೆ.

ಶುಕ್ರವಾರ ಬೆಳಕು ಹರಿಯುವ ಮೊದಲು ಹೋದರು. ಬೆಳಿಗ್ಗೆ ಆರಕ್ಕೇ ಬಂದಿದ್ದರೆ ಬೇರೆ ಮಾತು ಎಂದು ಡಾಕ್ಟರು ಸಿಸ್ಟರಿಗೆ ಹೇಳಿದರು. ಆ ನಾಲ್ಕು ಗಂಟೆ ಎಲ್ಲಿಗೆ ಹೋಯಿತೆಂದು ನಮಗೆ ಗೊತ್ತಿತ್ತು. ಸಿಸ್ಟರ್ ಅಂದೇ ಕಾರ್ಡಿನ ಕೆಳಗೆ, ಅಚ್ಚಾದ ಪ್ರಶ್ನೆಗಳೆಲ್ಲ ಮುಗಿದಲ್ಲಿ, ಪೆನ್ನಿನಿಂದ ಒಂದು ಪ್ರಶ್ನೆ ಬರೆದರು: ನೀವು ಹೊರಟರೆ ಮನೆಯಲ್ಲಿ ಯಾರು ಉಳಿಯುತ್ತಾರೆ? ಈಗ ಅದನ್ನು ಎಲ್ಲರಿಗೂ ಕೇಳುತ್ತೇವೆ. ಎದೆನೋವಿನ ಪ್ರಶ್ನೆಗೆ ತಕ್ಷಣ ಉತ್ತರ ಕೊಟ್ಟವರು ಇದಕ್ಕೆ ತಡಮಾಡುತ್ತಾರೆ. ಹಾಸಿಗೆ ಹಿಡಿದ ಗಂಡ, ಬುದ್ಧಿ ಬೆಳೆಯದ ಮಗಳು, ತೊಂಬತ್ತು ದಾಟಿದ ತಾಯಿ. ಒಬ್ಬರು ಎಮ್ಮೆ ಎಂದರು, ಅದನ್ನೂ ಬರೆದುಕೊಂಡು ಹಾಲು ಕರೆಯಲು ಜನ ಹುಡುಕಿದೆವು.

ಅತ್ತಿಗೆ ಈಗ ಶಂಕರಪ್ಪನವರ ಮನೆಯಲ್ಲಿದ್ದಾರೆ. ವೀಣಾ, ಮುರುಗೇಶಣ್ಣನ ಹೆಂಡತಿ ಸರದಿಯ ಮೇಲೆ ನೋಡಿಕೊಳ್ಳುತ್ತಾರೆ. ರಜೆಯ ದಿನ ನಾನೂ ಹೋಗುತ್ತೇನೆ. ಮಂಚದ ತಲೆಕಡೆಯೇ ಕೂರುತ್ತೇವೆ, ಅನ್ನವನ್ನು ಹಾಗೆಯೇ ಮೆತ್ತಗೆ ಕಲಸುತ್ತೇವೆ. ಕಿವಿಯ ಹತ್ತಿರ ಬಗ್ಗಿ ನಮಗೆ ತೋಚಿದ್ದನ್ನೆಲ್ಲ ಹೇಳಿ ನೋಡಿದ್ದೇವೆ. ಶಂಕರಪ್ಪ ವಚನ ಹೇಳಿದರು. ನಾಲ್ಕು ತುತ್ತಿಗೆ ಬಾಯಿ ಬಿಗಿಯುತ್ತದೆ. ಅವರು ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಾರೆ.

ಆ ಮಂಗಳವಾರ ಆಟೋದಲ್ಲಿ ಬಂದು ಹೋದ ತಾಯಿ ಇದನ್ನು ಓದಿದರೆ, ಅಥವಾ ಅವರು ಯಾರೆಂದು ಬಲ್ಲವರು ಯಾರಾದರೂ ಓದಿದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ, ನನಗೆ ತಲುಪುತ್ತದೆ. ಗಿರಿಜಮ್ಮನಿಗೂ ನಿಮಗೂ ನಡುವೆ ಏನಾಗಿತ್ತೆಂದು ನಾವು ಕೇಳುವುದಿಲ್ಲ. ಹೆಸರು ಹಾಕಬೇಕೆಂದೂ ಇಲ್ಲ. ಅತ್ತಿಗೆಯ ಕಿವಿಯಲ್ಲಿ ಏನು ಹೇಳಿದಿರಿ, ಅಷ್ಟನ್ನು ತಿಳಿಸಿದರೆ ಸಾಕು.